ಕಂಬರ್ಸಮ್ ಅಂದರು ನಮ್ಮ ತೊಟ್ಟಿಲನ್ನು

ಬೇಡ ಅನ್ನುವುದಕ್ಕೆ ಕನ್ನಡದಲ್ಲಿ ಎರಡಕ್ಷರ ಸಾಕು. ವಡೋದರದ ಶ್ರುತಿಗೆ ಮಾತ್ರ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಪದ ಬೇಕಾಯಿತು.

ಗುರುವಾರ ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ಹಾಕಿದ್ದೆ, ಫೋನು ಟಿಣ್ ಅಂದಿತು. ಬಾಣಂತಿ ಹುಡುಗಿಯ ಮೆಸೇಜು ಅಂತ ಸೌಟು ಹಿಡಿದುಕೊಂಡೇ ಓದಿದೆ. ಪೂರಾ ಇಂಗ್ಲಿಷು. ಆಂಟಿ, ತೊಟ್ಟಿಲು ತುಂಬಾ ಚೆನ್ನಾಗಿದೆ, ಆದರೆ ನಮ್ಮ ಮನೆಗೆ ಸ್ವಲ್ಪ ಕಂಬರ್ಸಮ್ ಆಗುತ್ತದೆ, ದಯವಿಟ್ಟು ತಪ್ಪು ತಿಳಿಯಬೇಡಿ ಅಂತ ಬರೆದಿದ್ದಳು. ಕೊನೆಗೆ ಕೈ ಮುಗಿದ ಚಿತ್ರ ಬೇರೆ ಎರಡು. ಅಷ್ಟರಲ್ಲಿ ಸಾಸಿವೆ ಸೀದು ಕರಕಲಾಗಿತ್ತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಹಮದಾಬಾದಿಗೆ ಬಂದು ನಲವತ್ತು ವರ್ಷವಾಯಿತು. ಬ್ಯಾಂಕಿನ ಫಾರ್ಮು, ಡಾಕ್ಟರ ಚೀಟಿ, ಕರೆಂಟಿನವರ ನೋಟೀಸು ಎಲ್ಲವನ್ನೂ ಓದಿಕೊಳ್ಳುತ್ತೇನೆ. ಈ ಪದ ಮಾತ್ರ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂದರೂ ಹೊಸದಲ್ಲ, ಹೋದ ತಿಂಗಳು ಸೂರತ್ತಿನ ಬಾಣಂತಿ ದೀಪ್ತಿಯೂ ಇದೇ ಪದ ಬರೆದು ಇದೇ ತೊಟ್ಟಿಲನ್ನು ಬೇಡ ಅಂದಿದ್ದಳು. ಆಗ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಇಬ್ಬರೂ ಒಂದೇ ಪದಕ್ಕೆ ಜೋತುಬಿದ್ದಿದ್ದು ನೋಡಿ ಮೈಯೆಲ್ಲ ಉರಿಯಿತು.

"ರೀ, ಕಂಬರ್ಸಮ್ ಅಂದ್ರೇನು?" ಅಂತ ನಮ್ಮ ಯಜಮಾನರನ್ನು ಕೇಳಿದೆ. ಅವರು ರಾಮಚಂದ್ರ ಅಂತ, ಇಲ್ಲಿನ ಒಂದು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ಮೂವತ್ತೈದು ವರ್ಷ ದುಡಿದು ರಿಟೈರಾದವರು. ನೇರ ಉತ್ತರ ಅವರ ಜಾಯಮಾನದಲ್ಲೇ ಇಲ್ಲ.

"ಯಾವ ಕಾಂಟೆಕ್ಸ್ಟಿನಲ್ಲಿ?" ಅಂದರು, ಪೇಪರಿನಿಂದ ಮುಖ ಎತ್ತದೆ.

"ನನ್ನ ಹಣೆಬರಹದ ಕಾಂಟೆಕ್ಸ್ಟಿನಲ್ಲಿ!" ಅಂತ ಹೇಳಿ ಸೀದ ಬಾಣಲೆಯನ್ನು ಸಿಂಕಿಗೆ ಎಸೆದೆ.

ನಮ್ಮ ತೊಟ್ಟಿಲು ಅಂದರೆ ನನ್ನೊಬ್ಬಳದಲ್ಲ. ಮೂವತ್ತೆಂಟು ವರ್ಷದ ಹಿಂದೆ ಇಲ್ಲಿನ ನಾಲ್ಕು ಕನ್ನಡ ಸಂಸಾರಗಳು ಸೇರಿ ಮೈಸೂರಿನಿಂದ ರೈಲಿನಲ್ಲಿ ತರಿಸಿದ್ದು. ತೇಗದ ಮರ, ಹಿತ್ತಾಳೆ ಸರಪಳಿ, ಬಿಚ್ಚಲು ಬಾರದ ದೊಡ್ಡ ಚೌಕಟ್ಟು. ಊರು ಎರಡು ದಿನದ ದಾರಿ, ಹೆತ್ತವಳಿಗೆಲ್ಲ ಊರಿನಿಂದ ತೊಟ್ಟಿಲು ತರಿಸುವುದು ಆಗುವ ಮಾತಲ್ಲ, ಅದಕ್ಕೇ ಒಂದನ್ನೇ ಎಲ್ಲರೂ ಬಳಸುವುದು ಅಂತಾಯಿತು. ಒಂದು ಮನೆಯ ಮಗು ಎದ್ದು ಓಡಾಡತೊಡಗಿದರೆ ತೊಟ್ಟಿಲು ಮುಂದಿನ ಮನೆಗೆ. ಅಹಮದಾಬಾದು, ವಡೋದರ, ಸೂರತ್ ಅಂತ ಅದು ತಿರುಗಿದಷ್ಟು ನಾವ್ಯಾರೂ ತಿರುಗಿಲ್ಲ. ಇಪ್ಪತ್ತಾರು ಮಕ್ಕಳು ಮಲಗಿದ್ದಾರೆ ಅದರಲ್ಲಿ. ನನ್ನ ಮಗ ಯಶವಂತ ಮಲಗಿದ್ದಾನೆ. ವಡೋದರದ ಅಲ್ಕಾಪುರಿಯಲ್ಲಿ ಹುಟ್ಟಿ ಬೆಳೆದ ನನ್ನ ಸೊಸೆ ಅರ್ಚಿತಾ ಮಲಗಿದ್ದಾಳೆ. ಈ ಶ್ರುತಿಯ ಗಂಡ ಸುಧೀರನೂ ಅದರಲ್ಲೇ ಕೈಕಾಲು ಬಡಿದು ದೊಡ್ಡವನಾದವನು.

ಅದಕ್ಕೆ ಎರಡು ಕಟ್ಟಳೆಗಳಿವೆ. ಸಾಗಿಸುವಾಗ ಬರಿದಾಗಿ ಸಾಗಿಸಬಾರದು, ಒಂದು ಗುಂಡುಕಲ್ಲಿಗೆ ಅರಿಶಿನ ಹಚ್ಚಿ, ರವಿಕೆ ಬಟ್ಟೆ ಸುತ್ತಿ ಒಳಗೆ ಮಲಗಿಸಿರಬೇಕು. ಇನ್ನೊಂದು, ಮಗು ಹುಟ್ಟಿದ ಮೇಲೆಯೇ ತೊಟ್ಟಿಲು ಮನೆಯ ಹೊಸ್ತಿಲು ದಾಟಬೇಕು, ಮೊದಲೇ ತರಬಾರದು.

ಆ ಎರಡನೆಯದನ್ನು ಮುರಿದವಳು ನಾನು. ಕಳೆದ ಮಾರ್ಚಿನಲ್ಲಿ ತೊಟ್ಟಿಲು ಸೂರತ್ತಿನ ಕಿರಣನ ಮನೆಯಲ್ಲಿತ್ತು. ಅವನಿಗೆ ವರ್ಗವಾಗಿ ಕ್ವಾರ್ಟರ್ಸು ಖಾಲಿ ಮಾಡಬೇಕಾಗಿತ್ತು. "ಆಂಟಿ, ಏನ್ಮಾಡ್ಲಿ?" ಅಂತ ಫೋನ್ ಮಾಡಿದ. ಅರ್ಚಿತಾಗೆ ಆಗ ಏಳು ತಿಂಗಳು. ಇನ್ನೆರಡು ತಿಂಗಳಿಗೆ ನಮ್ಮ ಮನೆಗೇ ಬರಬೇಕಾದದ್ದು, ನಡುವೆ ಯಾರ ಮನೆ ಹುಡುಕುವುದು? ಕಳಿಸಪ್ಪ ಅಂದುಬಿಟ್ಟೆ. ಯಜಮಾನರು "ನೀವೇ ಮಾಡ್ಕೊಂಡ ರೂಲು ಅಲ್ವೇನೆ ಅದು?" ಅಂದರು. ನಾನು "ಈಗಿನ ಕಾಲದಲ್ಲಿ ಇದೆಲ್ಲ ಯಾರು ನೋಡ್ತಾರೆ" ಅಂತ ದೊಡ್ಡ ಮಾತಾಡಿದೆ. ಎಂಟನೆಯ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು ಮಗು.

ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ. ಅರ್ಚಿತಾ ಐದು ವಾರಕ್ಕೆ ಎದ್ದು ಸ್ಕೂಲಿಗೆ ಹೊರಟಳು. ಇಲ್ಲೇ ಮಣಿನಗರದ ಒಂದು ಶಾಲೆಯಲ್ಲಿ ಏಳನೆಯ ಕ್ಲಾಸಿಗೆ ಇಂಗ್ಲಿಷ್ ಟೀಚರು. ಅಳಲಿಲ್ಲ, ಕೂಗಲಿಲ್ಲ, ಆ ವಿಷಯವನ್ನೇ ಎತ್ತಲಿಲ್ಲ. ನಮ್ಮದು ಮೂರನೆಯ ಮಹಡಿಯ ಸಣ್ಣ ಫ್ಲಾಟು. ಹಾಲಿನ ಮೂಲೆಯಲ್ಲಿ ತೊಟ್ಟಿಲಿಗೆ ನನ್ನ ಹಳೇ ಸೀರೆ ಹೊದಿಸಿಟ್ಟಿದ್ದೆ. ಆ ಹುಡುಗಿ ಚಪ್ಪಲಿ ಹಾಕಿಕೊಳ್ಳಲು ಹೋಗುವಾಗ ದಿನಾ ಅದರ ಪಕ್ಕದಲ್ಲಿ ಮೈ ಓರೆ ಮಾಡಿಕೊಂಡು ನಡೆಯುತ್ತಿದ್ದಳು, ಸೆರಗು ಕೂಡ ತಾಕದ ಹಾಗೆ. ಅದನ್ನು ನೋಡಿ ನೋಡಿ, ಈ ತೊಟ್ಟಿಲು ಮನೆಯಿಂದಾಚೆ ಹೋಗುವ ತನಕ ಇವಳು ಮೊದಲಿನ ಹಾಗೆ ಆಗುವುದಿಲ್ಲ ಅಂತ ನನಗೆ ಖಾತ್ರಿಯಾಗಿಬಿಟ್ಟಿತ್ತು. ಹೊರಗೆ ಹಾಕುವ ಹಾಗೂ ಇಲ್ಲ, ಯಾವುದಾದರೂ ಮಗುವಿರುವ ಮನೆಗೇ ಹೋಗಬೇಕು. ನಾಲ್ಕು ತಿಂಗಳಿಂದ ಮೂರೂ ಊರಿನ ಕನ್ನಡದವರಿಗೆಲ್ಲ ಫೋನ್ ಮಾಡಿ ಮಾಡಿ ಸಾಕಾಗಿದ್ದೆ. ಕೊನೆಗೆ ಶ್ರುತಿಗೆ ಗಂಡು ಮಗುವಾಯಿತು, ಭಾನುವಾರ ನಾಮಕರಣ ಅಂತ ಗೊತ್ತಾದಾಗ, ಅಬ್ಬ, ಗೆದ್ದೆ ಅಂದುಕೊಂಡೆ. ಆಗ ಬಂತು ಈ ಕಂಬರ್ಸಮ್ಮು.

ಸಂಜೆ ಅರ್ಚಿತಾ ಊಟದ ಮೇಜಿನ ಮೇಲೆ ನೋಟ್‌ಬುಕ್ಕುಗಳ ರಾಶಿ ಹಾಕಿಕೊಂಡು ತಿದ್ದುತ್ತಿದ್ದಳು. ನಾನು ಹುರುಳಿಕಾಯಿ ಬಿಡಿಸುವ ನೆಪದಲ್ಲಿ ಎದುರು ಕೂತೆ.

"ಅರ್ಚಿತಾ, ಕಂಬರ್ಸಮ್ ಅಂದ್ರೆ ಭಾರ ಅಂತಲೇನೇ?"

ಅವಳು ಕೆಂಪು ಪೆನ್ನು ನಿಲ್ಲಿಸಿದಳು. "ಭಾರ ಅಲ್ಲ ಅತ್ತೆ. ಮತ್ಲಬ್, ಭಾರ ಇರಬಹುದು, ಬಟ್ ಪ್ರಾಬ್ಲಮ್ ಅದಲ್ಲ. ಎಲ್ಲಿ ಹಿಡಿಬೇಕು ಅಂತ ಗೊತ್ತಾಗಲ್ಲ. ಈ ಕಡೆ ಎತ್ತಿದ್ರೆ ಆ ಕಡೆ ಜಾರತ್ತೆ. ಡಬಲ್ ಬೆಡ್ ಹಾಸಿಗೇನ ಮೆಟ್ಟಿಲಲ್ಲಿ ಹತ್ತಿಸ್ತೀವಲ್ಲ, ಹಾಗೆ."

"ಕುಕ್ಕರಿಗೆ ಹೇಳಬಹುದಾ?"

"ಇಲ್ಲ. ಅದಕ್ಕೆ ಹ್ಯಾಂಡಲ್ ಇದೆ."

"ಗ್ಯಾಸ್ ಸಿಲಿಂಡರು?"

"ಥೋಡಾ ಥೋಡಾ." ಅವಳಿಗೂ ಹುರುಪು ಬಂತು, ಟೀಚರಮ್ಮನಲ್ಲವೇ. "ಗರಬಾ ಕುಣಿಯೋಕೆ ದೊಡ್ಡ ಚನಿಯಾ ಲಂಗ ಹಾಕ್ಕೊಂಡು ಸ್ಕೂಟರ್ ಹತ್ತೋದು ಕಂಬರ್ಸಮ್. ಕೆಲಸಕ್ಕೂ ಹೇಳ್ತಾರೆ. ಒಂದು ದಿನದ ರಜೆಗೆ ಮೂರು ಕಾಪಿ, ನಾಲ್ಕು ಸೈನ್ ಕೇಳಿದ್ರೆ, ಕಂಬರ್ಸಮ್ ಪ್ರೊಸೀಜರ್."

"ನಿಮ್ಮ ಮಾವ?"

ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ಹಲ್ಲು ಕಾಣುವ ಹಾಗೆ ನಕ್ಕಳು. "ಮನುಷ್ಯರಿಗೆ ಹೇಳಲ್ಲ ಅತ್ತೆ, ರಾಂಗ್ ಆಗತ್ತೆ. ವಸ್ತುಗೆ, ಕೆಲಸಕ್ಕೆ ಅಷ್ಟೇ. ಹೋದ ಟೆಸ್ಟಲ್ಲಿ ಒಬ್ಬ ಅವರಜ್ಜಿ ಬಗ್ಗೆ ಬರೆದಿದ್ದ, ಮೈ ದಾದಿ ಈಸ್ ವೆರಿ ಕಂಬರ್ಸಮ್ ಅಂತ. ಮಾರ್ಕ್ಸ್ ಕಟ್." ಆಮೇಲೆ ಕೇಳಿದಳು, "ಎಲ್ಲಿ ಓದಿದ್ರಿ ಈ ವರ್ಡ್?"

"ಪೇಪರಿನಲ್ಲಿ" ಅಂದೆ.

ನಮ್ಮ ಮನೆಗೆ ಬರುವುದು ಗುಜರಾತಿ ಪೇಪರು. ಅವಳು ನನ್ನ ಮುಖ ನೋಡಿದಳು, ಹಾಲಿನ ಮೂಲೆಯ ಕಡೆ ಒಂದು ಸಲ ನೋಡಿದಳು, ಮತ್ತೆ ಪೆನ್ನು ಹಿಡಿದು ತಿದ್ದತೊಡಗಿದಳು. ನಗು ಬಂದಷ್ಟೇ ಬೇಗ ಹೋಗಿತ್ತು.

ಹಿಡಿಯಲು ಜಾಗವಿಲ್ಲವಂತೆ! ಇಪ್ಪತ್ತಾರು ಮಕ್ಕಳ ತಾಯಂದಿರಿಗೆ ಸಿಕ್ಕ ಜಾಗ ಇವರ ಕೈಗೆ ಸಿಗುವುದಿಲ್ಲವಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರಾತ್ರಿಯ ಊಟಕ್ಕೆ ಕೂರುವ ಹೊತ್ತಿಗೆ ನಾನು ತೀರ್ಮಾನಿಸಿಬಿಟ್ಟಿದ್ದೆ. ತರುವ ತಾಪತ್ರಯವೇ ಅವರ ಕಷ್ಟವಾದರೆ ಅದನ್ನು ನಾನೇ ತೀರಿಸುತ್ತೇನೆ. ಶನಿವಾರ ಟೆಂಪೊ ಮಾಡಿಕೊಂಡು ಹೋಗಿ ಬಾಗಿಲಲ್ಲೇ ಇಳಿಸಿಬಿಡುತ್ತೇನೆ, ಬಾಗಿಲಿಗೆ ಬಂದ ತೊಟ್ಟಿಲನ್ನು ಯಾವ ಬಾಣಂತಿ ಮನೆಯವರು ಬೇಡ ಅಂತಾರೆ, ನೋಡೇಬಿಡೋಣ.

"ಫೋನ್ ಮಾಡಿ ಹೋಗು" ಅಂದರು ಯಜಮಾನರು.

"ಫೋನ್ ಮಾಡಿದ್ರೆ ಇನ್ನೊಂದು ಇಂಗ್ಲಿಷ್ ಪದ ಹುಡುಕ್ತಾರೆ" ಅಂದೆ.

ಶನಿವಾರ ಬೆಳಿಗ್ಗೆ ಟೆಂಪೊದ ಜಯಂತಿಭಾಯಿ ಎಂಟಕ್ಕೆಲ್ಲ ಬಂದ. ಯಶವಂತ ಆಫೀಸಿನ ಟೂರಿನಲ್ಲಿದ್ದ, ಯಜಮಾನರ ಮಂಡಿ ಅವರ ಮೈಯನ್ನು ಹೊತ್ತರೇ ಹೆಚ್ಚು. ಜಯಂತಿಭಾಯಿ ಗಾಡಿ ಬಿಟ್ಟು ಮೇಲೆ ಬರಲಾರೆ, ಪೊಲೀಸರು ಫೈನ್ ಹಾಕುತ್ತಾರೆ ಅಂದ. ಸೊಸೈಟಿಯ ಸೆಕ್ರೆಟರಿ ಬೇರೆ, ಸಾಮಾನಿಗೆ ಲಿಫ್ಟ್ ಕೊಡುವುದಿಲ್ಲ ಅಂತ ಬಾಗಿಲಿಗೆ ಅಡ್ಡ ನಿಂತ. ಕೊಟ್ಟಿದ್ದರೂ ಅದರೊಳಗೆ ಹಿಡಿಸುತ್ತಿರಲಿಲ್ಲ, ಅದು ಬೇರೆ ಮಾತು. ನಾನು ಸೆರಗು ಸಿಕ್ಕಿಸಿಕೊಂಡು ಒಂದು ತುದಿ ಎತ್ತಿದೆ. ಇನ್ನೊಂದು ತುದಿ ತಾನಾಗಿ ಮೇಲೆದ್ದಿತು. ತಿರುಗಿ ನೋಡಿದರೆ ಅರ್ಚಿತಾ.

"ನೀನು ಬಿಡೇ, ನಿಂಗ್ಯಾಕೆ? ನಾನು ಯಾರನ್ನಾದ್ರೂ ಕರೀತೀನಿ" ಅಂದೆ. ನಾನು ಇಷ್ಟೆಲ್ಲ ಒದ್ದಾಡುತ್ತಿದ್ದದ್ದೇ ಇವಳ ಕೈಗೆ ಅದು ಸೋಕದಿರಲಿ ಅಂತ.

"ನಾನೂ ಬರ್ತೀನಿ. ವಡೋದರಾವರೆಗೂ" ಅಂದಳು. "ಸ್ಕೂಲಿಗೆ ರಜೆ ಹಾಕಿದೀನಿ."

ಮೊದಲ ತಿರುವಿನಲ್ಲೇ ಅದು ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಹಾಕಿಕೊಂಡಿತು. ಎಳೆದರೆ ಬರದು, ತಳ್ಳಿದರೆ ಹೋಗದು. ಸರಪಳಿ ನನ್ನ ಬಳೆಗೆ ಸಿಕ್ಕಿ ಎರಡು ಬಳೆ ಚೂರಾದವು. ಕಾಲಿನ ಮೇಲೆ ಚೌಕಟ್ಟು ಕೂತು ಪ್ರಾಣ ಹೋದ ಹಾಗಾಯಿತು. ಮೇಲಿನವರು ಇಳಿಯಬೇಕು, ಕೆಳಗಿನವರು ಹತ್ತಬೇಕು, ಎರಡೂ ಕಡೆಯಿಂದ ಗುಜರಾತಿಯಲ್ಲಿ ಪುಕ್ಕಟೆ ಸಲಹೆ. ಆ ದರಿದ್ರದ ಇಂಗ್ಲಿಷ್ ಪದ ಸರಿಯಾಗಿಯೇ ಇದೆ ಅಂತ ಒಪ್ಪಿಕೊಳ್ಳಬೇಕಾಗಿ ಬಂದದ್ದಕ್ಕೆ ನನಗೆ ಇನ್ನೂ ಸಿಟ್ಟು ಬಂತು. ಅರ್ಚಿತಾ ಮಾತ್ರ ಗಡಿಬಿಡಿ ಮಾಡಲಿಲ್ಲ. ಬಗ್ಗಿ ನೋಡಿದಳು, ತೊಟ್ಟಿಲನ್ನು ಮಗ್ಗುಲಿಗೆ ಹೊರಳಿಸಿದಳು, ಅದರ ಕಾಲುಗಳನ್ನು ತನ್ನ ಹೆಗಲಿಗೆ ಆನಿಸಿಕೊಂಡಳು. "ಈಗ ಇಳೀರಿ ಅತ್ತೆ, ನಿಧಾನ" ಅಂದಳು. ಮೂರು ಮಹಡಿ ಇಳಿದೆವು.

ಗುಂಡುಕಲ್ಲು ತಂದು ತೊಟ್ಟಿಲಲ್ಲಿ ಮಲಗಿಸುವಾಗ ಜಯಂತಿಭಾಯಿ "ಮಾಸಿ, ಆಮಾ ಪತ್ಥರ್ ಕೇಮ್?" ಅಂತ ಬೆರಗಾದ. ಇದರಲ್ಲಿ ಕಲ್ಲು ಯಾಕೆ ಅಂತ. ನಿನ್ನ ತಲೆಗೆ ಹಾಕಲಿಕ್ಕೆ ಅಂತ ಕನ್ನಡದಲ್ಲಿ ಹೇಳಿ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಹಿಂದುಗಡೆ ಕಲ್ಲು ಆ ಕಡೆ ಈ ಕಡೆ ಉರುಳುವ ಸದ್ದು. ನಾವಿಬ್ಬರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದೆವು. ಇವತ್ತೊಂದು ದಿನ ಕಳೆದರೆ ಆಯಿತು, ನಾಳೆಯಿಂದ ಇವಳು ಹಾಲಿನಲ್ಲಿ ಎದೆಯೆತ್ತಿ ನಡೆಯುತ್ತಾಳೆ ಅಂತ ನನ್ನಷ್ಟಕ್ಕೆ ನಾನು ಹೇಳಿಕೊಂಡೆ.

ಶ್ರುತಿಯ ಮಾವನದು ಫತೇಗಂಜ್‌ನಲ್ಲಿ ಉಡುಪಿ ಹೋಟೆಲು, ಮೇಲೆಯೇ ಮನೆ. ಗಲ್ಲಾದಲ್ಲಿ ಸುಧೀರ ಕೂತಿದ್ದ. ಟೆಂಪೊದಲ್ಲಿ ತೊಟ್ಟಿಲು ಕಂಡದ್ದೇ ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಬನ್ನಿ ಆಂಟಿ, ಬನ್ನಿ" ಅಂದವನು ಕೈ ಹಾಕಲು ಮಾತ್ರ ಬರಲಿಲ್ಲ. ಬೆನ್ನು ನೋವಂತೆ. ಕೊನೆಗೆ ಅವನನ್ನು ಗಾಡಿ ಕಾಯಲು ನಿಲ್ಲಿಸಿ, ಅರ್ಚಿತಾ ಮತ್ತು ಜಯಂತಿಭಾಯಿ ಸೇರಿ ಮೇಲಕ್ಕೆ ತಂದರು.

ಬಾಗಿಲಲ್ಲಿ ಸುಧೀರನ ತಾಯಿ ಶಕುಂತಲಾ ನಿಂತಿದ್ದರು. "ಅಯ್ಯೋ ದೇವ್ರೆ! ಎಂತದಿದು ರಮಾಮಣಿಯವ್ರೆ, ಒಂದು ಫೋನಾದ್ರೂ ಮಾಡ್ಬಾರ್ದಾ? ಅದು ಅಲ್ಲೇ ಇರ್ಲಿ, ಹೊರಗೇ ಇರ್ಲಿ. ನೀವು ಒಳಗೆ ಬನ್ನಿ, ಕಾಫಿ ಕುಡೀರಿ" ಅಂದರು.

ಒಳಗೆ ಹೋದೆವು. ಹೋದವಳು ಹಾಲಿನ ನಡುವೆ ಹಾಗೇ ನಿಂತುಬಿಟ್ಟೆ. ಮೂರು ಜನ ಕಾಲು ಚಾಚಿ ಕೂರುವಂಥ ಗುಜರಾತಿ ಉಯ್ಯಾಲೆ ಮಣೆ ಸೂರಿನಿಂದ ತೂಗುತ್ತಿತ್ತು. ಅದರ ಪಕ್ಕದಲ್ಲಿ ಹೊಸದಾಗಿ ಜೋಡಿಸಿದ ಬಿಳಿ ಬಣ್ಣದ ಮಗುವಿನ ಮಂಚ. ನಾಲ್ಕು ಕಡೆ ಕಟಕಟೆ, ಮೇಲೆ ಸೊಳ್ಳೆಪರದೆ, ನಮ್ಮ ತೊಟ್ಟಿಲಿಗಿಂತ ಒಂದು ಗೇಣು ಉದ್ದವೇ ಇತ್ತು. ಅದಕ್ಕೆ ಈ ಮನೆಯಲ್ಲಿ ಜಾಗವಿತ್ತು.

"ಶ್ರುತಿ ಬರೆದಿದ್ಳಲ್ಲ ನಿಮಗೆ" ಅಂದರು ಶಕುಂತಲಾ, ಕಾಫಿ ಲೋಟ ಕೊಡುತ್ತಾ. "ಸ್ವಲ್ಪ ಕಂಬರ್ಸಮ್ ಆಗ್ತದೆ ಅಂತ."

"ಇದೇನು ಸೂಜಿ ಡಬ್ಬೀನಾ?" ಅಂತ ಬಿಳಿ ಮಂಚ ತೋರಿಸಿದೆ.

"ಹಾಗಲ್ಲ ಮಾರಾಯ್ರೆ. ಅದು ಅವಳ ತಮ್ಮ ಕಳಿಸಿದ್ದು, ಎಂತ ಮಾಡುದು..."

ಅಷ್ಟರಲ್ಲಿ ಒಳಕೋಣೆಯಿಂದ ಮಗು ಅತ್ತಿತು. ಒಂಬತ್ತು ದಿನದ ಮಗುವಿನ ಅಳು, ಸಣ್ಣಗೆ. ಅರ್ಚಿತಾ ಕೂತಲ್ಲಿಂದ ತನಗೇ ಗೊತ್ತಿಲ್ಲದ ಹಾಗೆ ಎದ್ದು ಒಂದು ಹೆಜ್ಜೆ ಇಟ್ಟಳು. ಒಂದೇ ಹೆಜ್ಜೆ. ಶಕುಂತಲಾ ಅವಳಿಗಿಂತ ಮೊದಲು ಸರಸರ ಹೋಗಿ ಆ ಕೋಣೆಯ ಬಾಗಿಲು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತರು. "ಮಗು ಮಲಗುವ ಹೊತ್ತು" ಅಂದರು.

ಹನ್ನೆರಡು ಗಂಟೆ ಹಗಲು. ಅರ್ಚಿತಾ ಹಾಗೇ ನಿಂತಿದ್ದಳು, ಕೈ ಎಲ್ಲಿಡುವುದು ಅಂತ ಗೊತ್ತಾಗದೆ. ಆಗ ನನಗೆ ಎಲ್ಲ ಅರ್ಥವಾಯಿತು.

"ನೆಟ್ಟಗೆ ಹೇಳಿ ಶಕುಂತಲಮ್ಮ" ಅಂದೆ. ನನ್ನ ದನಿ ಕೆಳಗೆ ಹೋಟೆಲಿಗೂ ಕೇಳಿಸಿರಬೇಕು. "ಇಂಗ್ಲಿಷ್ ಬೇಡ. ಕನ್ನಡದಲ್ಲಿ ಹೇಳಿ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನೀವೇ ಹೇಳಿ ಅಂತ ಒತ್ತಾಯ ಮಾಡಿದ್ರಿ. ಆಮೇಲೆ ಬೇಜಾರು ಮಾಡ್ಬಾರ್ದು. ಮಗು ನಿಲ್ಲದ ಮನೆಯಿಂದ ಬಂದ ತೊಟ್ಟಿಲು. ಅದರಲ್ಲಿ ನಮ್ಮ ಮಗುವನ್ನು ಹೇಗೆ ಮಲಗಿಸುದು? ಬಾಯಿ ಬಿಟ್ಟು ಹಾಗೆ ಹೇಳ್ಲಿಕ್ಕೆ ಆಗ್ತದಾ ಯಾರಿಗಾದ್ರೂ? ಅದಕ್ಕೇ ದೀಪ್ತಿ ಬರೆದ ಹಾಗೆ ಬರಿ ಅಂತ ನಾನೇ ಶ್ರುತಿಗೆ ಹೇಳಿದ್ದು."

"ನಿಮ್ಮ ಸುಧೀರ ಅದರಲ್ಲೇ ಮಲಗಿ ಬೆಳೆದ! ಅವನಿಗೆ ಹನ್ನೊಂದು ತಿಂಗಳಿಗೆ ದಡಾರ ಆದಾಗ ಅಹಮದಾಬಾದಿಂದ ಬಂದು ಆ ತೊಟ್ಟಿಲು ತೂಗ್ತಾ ಹಗಲೆಲ್ಲ ಕೂತಿದ್ದವಳು ನಾನು, ನೀವಲ್ಲ, ನೀವು ಕೆಳಗೆ ಹಿಟ್ಟು ರುಬ್ಬುತಿದ್ರಿ! ಆಗ ಯಾವ ಮನೆಯಿಂದ ಬಂತು, ಎಲ್ಲಿಂದ ಬಂತು ಅಂತ ಕೇಳಿದ್ರಾ? ನನ್ನ ಸೊಸೆ ಎದುರಿಗೆ ನಿಂತಿದಾಳೆ, ಅವಳ ಮುಖ ನೋಡಿ ಬಾಗಿಲು ಹಾಕ್ಕೋತೀರಲ್ಲ, ನಿಮಗೆ ಹೆಂಗಸಿನ ಕರುಳಿದೆಯಾ?"

"ನನಗೂ ಹೆದರಿಕೆ ಇರ್ತದಲ್ಲ ರಮಾಮಣಿಯವ್ರೆ!" ಅಂತ ಅವರು ಅತ್ತೇಬಿಟ್ಟರು. ಅತ್ತರೆ ಅಳಲಿ ಅಂತ ನಾನು ಇನ್ನೂ ಮಾತಾಡುವವಳಿದ್ದೆ, ನಲವತ್ತು ವರ್ಷದ ಸ್ನೇಹದ ಲೆಕ್ಕವನ್ನೆಲ್ಲ ಅಲ್ಲೇ ಚುಕ್ತಾ ಮಾಡುವವಳಿದ್ದೆ. ಅರ್ಚಿತಾ ನನ್ನ ಮೊಣಕೈ ಹಿಡಿದಳು.

"ಅತ್ತೆ, ಚಲೋ" ಅಂದಳು. "ಮನೆಗೆ ಹೋಗೋಣ."

ಬಂದ ತೊಟ್ಟಿಲು ಬಂದ ಹಾಗೇ ಟೆಂಪೊ ಹತ್ತಿತು. ನಡಿಯಾದ್ ದಾಟುವವರೆಗೂ ನಾನು ಬೈಯುತ್ತಲೇ ಇದ್ದೆ. ಶಕುಂತಲಾಗೆ ಬೈದೆ, ದೀಪ್ತಿಗೆ ಬೈದೆ, ಆ ಪದ ಹುಟ್ಟಿಸಿದ ಇಂಗ್ಲಿಷರಿಗೆ ಬೈದೆ. ದಾರಿಬದಿಯ ಅಂಗಡಿಯ ಮುಂದೆ ಜಯಂತಿಭಾಯಿ ಚಹಾ ಕುಡಿಯಲು ಇಳಿದು ಹೋದ. ಬೈಯಲು ಮತ್ಯಾರೂ ಉಳಿಯಲಿಲ್ಲ. ಆಗ ತಡೆಯಲಾಗಲಿಲ್ಲ ನನಗೆ.

"ನನ್ನದೇ ತಪ್ಪು ಕಣೇ" ಅಂದೆ. "ಮಗು ಹುಟ್ಟೋಕೆ ಮುಂಚೆ ತೊಟ್ಟಿಲು ತರಬಾರದು ಅಂತ ಎಲ್ಲರಿಗೂ ಹೇಳ್ತಿದ್ದವಳು ನಾನು. ನಾನೇ ತಂದೆ. ನನ್ನ ಕೈಯ್ಯಾರೆ ತಂದು ನಿನ್ನ ಮುಂದೆ ಇಟ್ಟೆ."

"ಅದರಿಂದ ಏನೂ ಆಗಿಲ್ಲ ಅತ್ತೆ. ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ಕೊಂಡಿತ್ತು ಅಂತ ಡಾಕ್ಟರ್ ಹೇಳಿದ್ರಲ್ಲ." ಅವಳು ಗಾಜಿನಾಚೆ ನೋಡುತ್ತಲೇ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಒಂದು ಕೇಳ್ಲಾ? ನನಗೆ ಇನ್ನು ಮಗು ಆಗಲ್ಲ ಅಂತ ನಿಮಗೆ ಯಾರು ಹೇಳಿದ್ರು?"

"ಬಿಡ್ತು ಅನ್ನು! ಯಾವಳೇ ಹಾಗಂದವಳು?"

"ನೀವೇ. ಫೋನಲ್ಲಿ. ರೋಜ್ ರೋಜ್." ಅವಳು ನನ್ನ ಮಾತನ್ನು ನನ್ನ ಹಾಗೆಯೇ, ನನ್ನ ರಾಗದಲ್ಲೇ ಹೇಳಿದಳು. "'ತಗೊಂಡು ಹೋಗಮ್ಮ, ನಮ್ಮನೇಲಿ ಅದಕ್ಕೆ ಇನ್ನೇನು ಕೆಲಸ? ನಮಗೆ ಇನ್ನು ಬೇಕಾಗಲ್ಲ.' ನಾಲ್ಕು ಮಹೀನೆ ಕೇಳಿಸ್ಕೊಂಡೆ, ಕಿಚನ್‌ನಲ್ಲಿ ನಿಂತ್ಕೊಂಡು. ನೀವು ಡಿಸೈಡ್ ಮಾಡಿಬಿಟ್ಟಿದ್ದೀರಿ ಅಂದ್ಕೊಂಡೆ. ಅದನ್ನ ಓಡಿಸಿಬಿಟ್ರೆ ಮುಗೀತು ಅಂತ."

ಹೌದು, ಹಾಗೇ ಅಂದಿದ್ದೆ. ಒಂದು ಸಲವಲ್ಲ, ಇಪ್ಪತ್ತು ಮೂವತ್ತು ಸಲ ಅಂದಿದ್ದೆ. ತೆಗೆದುಕೊಳ್ಳುವವರಿಗೆ ಸಂಕೋಚವಾಗದಿರಲಿ ಅಂತ ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದೆ. ನನ್ನ ಸೊಸೆ ಗೋಡೆಯಾಚೆ ನಿಂತು ಪಾತ್ರೆ ತೊಳೆಯುತ್ತಿದ್ದಳು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಶಕುಂತಲಾ ಒಂದು ಸಲ ಬಾಗಿಲು ಹಾಕಿದ್ದಕ್ಕೆ ನಾನು ಅಷ್ಟು ಕೂಗಾಡಿದೆ. ನಾನು ದಿನಾ ಹಾಕಿದ್ದೆ.

"ಮತ್ತೆ ಇವತ್ತು ಯಾಕೆ ಬಂದೆ?" ಅಂದೆ.

"ಹೇಗೂ ಕೊಟ್ಟುಬಿಡ್ತೀರಿ. ಅದಕ್ಕೆ ಮುಂಚೆ ಒಂದು ಸಲ ನಾನು ಎತ್ಕೋಬೇಕು ಅನ್ನಿಸ್ತು" ಅಂದಳು.

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಜಗಳ ಬರುತ್ತದೆ, ಫೋನ್ ಮಾಡುವುದು ಬರುತ್ತದೆ. ಚೀಲದಿಂದ ಫೋನ್ ತೆಗೆದೆ. ಎರಡು ಸಲ ತಪ್ಪು ನಂಬರು ಒತ್ತಿದೆ. ಮೂರನೆಯ ಸಲ ಸೂರತ್ತಿನ ದೀಪ್ತಿ ಎತ್ತಿದಳು.

"ದೀಪ್ತಿ, ನಾನು ಮಣಿನಗರದ ರಮಾಮಣಿ. ತೊಟ್ಟಿಲು ಕೊಡೋದಿಲ್ಲ ಕಣಮ್ಮ. ನಮ್ಮ ಮನೆಗೆ ಬೇಕು. ನಮ್ಮ ಅರ್ಚಿತಾಗೆ ಬೇಕು."

"ಆಂಟಿ... ನಾನು ಕೇಳೇ ಇಲ್ವಲ್ಲ?"

"ಕೇಳಿದ್ರೂ ಕೊಡೋದಿಲ್ಲ ಅಂತ ಹೇಳೋಕೇ ಮಾಡಿದ್ದು!" ಅಂತ ಗಟ್ಟಿಯಾಗಿ ಹೇಳಿ ಇಟ್ಟೆ.

ಚಹಾದಂಗಡಿಯವರೆಲ್ಲ ನಮ್ಮ ಗಾಡಿಯ ಕಡೆ ತಿರುಗಿ ನೋಡಿದರು. ಅರ್ಚಿತಾ ಮುಖಕ್ಕೆ ದುಪಟ್ಟಾ ಒತ್ತಿಕೊಂಡು ಅಳುತ್ತಿದ್ದಳು, ಏಪ್ರಿಲ್‌ನಿಂದ ಅಳದೇ ಇದ್ದದ್ದನ್ನೆಲ್ಲ ಸೇರಿಸಿ ಅಳುತ್ತಿದ್ದಳು. ನಾನು ಒಂದು ಕೈ ಅವಳ ಬೆನ್ನ ಮೇಲಿಟ್ಟೆ. ಇನ್ನೊಂದು ಕೈಯಲ್ಲಿ ಮುಂದಿನವರ ನಂಬರು ಒತ್ತಿದೆ.